ಒಂದು ಕಾಲು ಮುಗಿದು ಒಂದು ಕಾಲು ಉಳಿದಾಗ

ನನಗೆ ಅಂಗಾಲಲ್ಲಿ ವಿಪರೀತ ಕಚಗುಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ನಗಬಾರದ ಜಾಗದಲ್ಲೆಲ್ಲ ನಕ್ಕಿದ್ದೇನೆ, ಆಗ ಓದುವವರು ನನ್ನನ್ನು ಹೃದಯವಿಲ್ಲದವಳು ಅಂದುಕೊಳ್ಳಬಾರದು. ಮದುವೆಯಲ್ಲಿ ಕಾಲುಂಗುರ ತೊಡಿಸುವಾಗ ನಾನು ಕಿಸಕ್ಕನೆ ನಕ್ಕು ಕಾಲು ಎಳೆದುಕೊಂಡೆ. ಉಂಗುರ ಉರುಳಿಕೊಂಡು ಹೋಗಿ ಅಕ್ಕಿಯ ಪರಾತದೊಳಗೆ ಸೇರಿತು. ಅದನ್ನು ಹುಡುಕುವಷ್ಟು ಹೊತ್ತೂ ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದೆ. ಗಂಡಿನ ಕಡೆಯವರು ಹುಡುಗಿ ಅಳುತ್ತಿದ್ದಾಳೆ ಎಂದು ತಿಳಿದು ಸಮಾಧಾನ ಹೇಳಿದರು. ಫೋಟೋ ಬಂದ ಮೇಲೆ ಎಲ್ಲರಿಗೂ ನಿಜ ಗೊತ್ತಾಯಿತು.

ಇಂಥವಳು ದುಡ್ಡು ಕೊಟ್ಟು ಪರರ ಕೈಗೆ ಕಾಲು ಕೊಟ್ಟದ್ದು ಐವತ್ತು ದಾಟಿದ ಮೇಲೆ. ಮೊದಲನೆಯ ಸಲ ಕಾಲು ಕೊಟ್ಟದ್ದು ಮನುಷ್ಯರಿಗಲ್ಲ, ಮೀನುಗಳಿಗೆ. ಹುಬ್ಬಳ್ಳಿಯ ಒಂದು ಮಾಲಿನಲ್ಲಿ ಗಾಜಿನ ತೊಟ್ಟಿಯಲ್ಲಿ ಸಣ್ಣ ಸಣ್ಣ ಮೀನು ಬಿಟ್ಟು, ಕಾಲು ಇಳಿಬಿಟ್ಟರೆ ಸತ್ತ ಚರ್ಮವನ್ನೆಲ್ಲ ತಿಂದು ನುಣ್ಣಗೆ ಮಾಡುತ್ತವೆ ಎಂದು ಬರೆದಿದ್ದರು. ಆಫೀಸಿನ ಗೆಳತಿಯರು ಎಳೆದುಕೊಂಡು ಹೋದರು. ನಾನು ಕಾಲು ಇಳಿಸಿದ್ದೇ ತಡ, ಇಡೀ ತೊಟ್ಟಿಯ ಮೀನು ಉಳಿದವರ ಕಾಲು ಬಿಟ್ಟು ನನ್ನ ಹಿಮ್ಮಡಿಗೆ ಮುತ್ತಿದವು. ಅಲ್ಲಿ ಊಟ ಅಷ್ಟು ಧಾರಾಳವಾಗಿತ್ತು. ನಾನು ಕಿರುಚಿ, ನಕ್ಕು, ಒದ್ದು, ಅರ್ಧ ತೊಟ್ಟಿ ನೀರನ್ನು ನೆಲಕ್ಕೆ ಚೆಲ್ಲಿದೆ. ಎರಡು ಮೀನುಗಳು ನೆಲದ ಮೇಲೆ ಪಟಪಟ ಹಾರಾಡಿದವು. ಆ ಅಂಗಡಿಯವನು ಪ್ಲಾಸ್ಟಿಕ್ ಮಗ್ ಹಿಡಿದು ಅವುಗಳ ಹಿಂದೆ ಓಡಿದ. ಅವು ಬದುಕಿದವು, ಆದರೆ ಅವನು ನನಗೆ ಮತ್ತೆ ಬರಬೇಡಿ ಎಂದ.

ಮನೆಗೆ ಬಂದು ಹೇಳಿದಾಗ ಅವ್ವ ನಗಲಿಲ್ಲ. ಅವಳು ಶಿವಪೂಜೆಯಿಲ್ಲದೆ ಒಂದು ತುತ್ತು ಬಾಯಿಗೆ ಇಡದವಳು.

“ನಾವು ಮೀನಾ ತಿನ್ನಂಗಿಲ್ಲ,” ಎಂದಳು. “ಮೀನಾ ನಮ್ಮನ್ನ ತಿಂದರ ನಡೀತದೇನು?”

ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆಯೇ ನನಗೆ ಅಡುಗೆಮನೆಗೆ ಪ್ರವೇಶ ಸಿಕ್ಕಿತು.

ಎರಡನೆಯ ಅನುಭವ ಒಂದು ದೊಡ್ಡ ಪಾರ್ಲರಿನದು. ತಂಗಿಯ ಮಗಳ ಮದುವೆಗೆ ಮೊದಲು ಹೋಗಿದ್ದೆ. ತಣ್ಣನೆ ಗಾಳಿ, ಮೆತ್ತನೆ ಕುರ್ಚಿ, ನೀರಿನಲ್ಲಿ ಗುಲಾಬಿ ಎಸಳು, ಎಲ್ಲವೂ ಛಲೋ. ಕಾಲು ಹಿಡಿದ ಹುಡುಗಿ ನನ್ನ ಹಿಮ್ಮಡಿ ನೋಡಿ ಲೊಚ್ಚೆಂದಳು. ಅಷ್ಟಕ್ಕೇ ಬಿಡದೆ ಇನ್ನಿಬ್ಬರನ್ನು ಕರೆದು ತೋರಿಸಿದಳು. ಆಮೇಲೆ ಬ್ಲೇಡು ತೆಗೆದು ಹೀರೆಕಾಯಿಯ ಸಿಪ್ಪೆ ಹೆರೆದಂತೆ ಹೆರೆದಳು. ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ರಕ್ತ ಬಂತು. ಆ ದಿನ ಮಾತ್ರ ನನಗೆ ನಗು ಬರಲಿಲ್ಲ. ಮದುವೆಯಲ್ಲಿ ಕುಂಟುತ್ತ ಓಡಾಡಿದೆ. ಆ ಹುಡುಗಿಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಕೊಯ್ದದ್ದಕ್ಕೆ ಅಷ್ಟಲ್ಲ, ಕರೆದು ತೋರಿಸಿದ್ದಕ್ಕೆ.

ನನ್ನ ಕಾಲಿನ ಕತೆ ಇಷ್ಟೇ. ಮುಂದಿನದು ಅವ್ವನ ಕಾಲಿನದು.

ಅವ್ವನಿಗೆ ಎಪ್ಪತ್ತನಾಲ್ಕು. ಅಪ್ಪ ಕಾಳಿನ ವ್ಯಾಪಾರಿ. ಅವನು ಹೋದ ಮೇಲೆ ಅವಳು ಕೇಶ್ವಾಪುರದ ನಮ್ಮ ಮನೆಗೆ ಬಂದಳು. ಬಂದವಳು ಬಂದ ಮರುದಿನವೇ ಚೀಲ ಹಿಡಿದು ದುರ್ಗದಬೈಲಿನ ಪೇಟೆಗೆ ನಡೆದಳು. ಮನೆಯ ಮುಂದೆಯೇ ಕಾಯಿಪಲ್ಲೆಯ ಗಾಡಿ ಬರುತ್ತದೆ, ಫೋನು ಮಾಡಿದರೆ ಬಾಗಿಲಿಗೇ ತಂದುಕೊಡುವವರೂ ಇದ್ದಾರೆ. ಅವ್ವನಿಗೆ ಅದು ಯಾವುದೂ ಲೆಕ್ಕಕ್ಕಿಲ್ಲ. ಆಟೋ ಹತ್ತುವುದೆಂದರೆ ಸೊಕ್ಕು ಎಂದು ಅವಳ ಮತ. ದುರ್ಗದಬೈಲಿನಲ್ಲಿ ಅವಳಿಗೆ ಮೆಂತ್ಯದವಳು ಬೇರೆ, ನಿಂಬೆಹಣ್ಣಿನವಳು ಬೇರೆ, ಬಳೆ ಅಂಗಡಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತು ಮಾತಾಡಲು ಗೆಳತಿಯರು ಬೇರೆ. ಮನೆಗೆ ಬರುವಾಗ ಊರಿನ ಸುದ್ದಿಯೆಲ್ಲ ಚೀಲದಲ್ಲಿ ಬರುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಆ ಚಕ್ರ ನಿಂತದ್ದು ಒಂದು ಬೇಸಗೆಯಲ್ಲಿ. ಎರಡೂ ಹಿಮ್ಮಡಿ ಒಡೆದವು. ಎಡಗಾಲಿನವು ಸಣ್ಣ ಗೆರೆಗಳು, ಬಲಗಾಲಿನಲ್ಲಿ ಒಂದು ಮಾತ್ರ ಆಳವಾದ ಸೀಳು. ಅವ್ವ ಮೊದಲು ಮೇಣ ಮತ್ತು ಕೊಬ್ಬರಿ ಎಣ್ಣೆ ಕಾಸಿ ತುಂಬಿದಳು. ಆಮೇಲೆ ಅರಿಶಿನ. ಆಮೇಲೆ ನನಗೆ ಗೊತ್ತಾಗದಂತೆ ಚಪ್ಪಲಿ ಅಂಟಿಸುವ ಸೊಲ್ಯೂಷನ್ ಹಾಕಿಕೊಂಡಳು. ಅದು ಅಂಟಿದ್ದು ಚಾಪೆಗೆ. ಚಾಪೆಯನ್ನು ಕಾಲಿಗೆ ಜೋತುಬಿಟ್ಟುಕೊಂಡು ಬಚ್ಚಲತನಕ ಬಂದಾಗ ನನ್ನ ಕೈಗೆ ಸಿಕ್ಕಿಬಿದ್ದಳು. ನಾನು ನಕ್ಕೆ. ನಗುತ್ತಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ನಗು ನಿಂತಿತು. ಅವ್ವನಿಗೆ ಸಕ್ಕರೆ ಕಾಯಿಲೆಯಿದೆ, ಸಕ್ಕರೆಯವರ ಕಾಲಿನ ಸೀಳು ಹಗುರವಲ್ಲ, ಕೀವಾದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ತಿಳಿದವರ ಹತ್ತಿರ ಹೋಗಿ ಆ ಜಡ್ಡುಗಟ್ಟಿದ ಚರ್ಮವನ್ನು ತೆಗೆಸಿ, ಮುಲಾಮು ಹಚ್ಚಬೇಕು, ಅಲ್ಲಿಯತನಕ ನಡಿಗೆ ಬಂದ್ ಎಂದರು.

ಮಳೆಗಾಲ ಬಂದರೂ ಸೀಳು ಮುಚ್ಚಲಿಲ್ಲ. ಅವ್ವ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಳು. ಮೆಂತ್ಯದವಳು ಇವತ್ತು ಬಂದಿರುತ್ತಾಳೋ ಇಲ್ಲವೋ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಆ ಕುರ್ಚಿ ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಅವಳು ಮತ್ತೆ ದುರ್ಗದಬೈಲಿಗೆ ನಡೆದು ಹೋಗಬೇಕು ಎನ್ನುವುದೊಂದೇ ಆಗ ನನ್ನ ಹಟ.

ಆಫೀಸಿನ ಗೆಳತಿಯೊಬ್ಬಳು ಒಂದು ಜಾಗ ಹೇಳಿದಳು. ನಮ್ಮ ಕೇಶ್ವಾಪುರದಲ್ಲೇ, ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಆಸ್ಪತ್ರೆಯಲ್ಲಿ ಕಾಲಿನ ಆರೈಕೆಯ ತರಬೇತಿ ಪಡೆದ ಹುಡುಗಿಯೊಬ್ಬಳು ನಡೆಸುತ್ತಾಳೆ. ಗುಲಾಬಿ ಎಸಳಿಲ್ಲ, ಮೀನಿಲ್ಲ. ಅವ್ವ ಒಂದೇ ಷರತ್ತು ಹಾಕಿದಳು, ಮೊದಲು ನೀ ಹೋಗಿ ಬಾ.

ಹೋದೆ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹುಡುಗಿ, ಹಣೆಯಲ್ಲಿ ಬೊಟ್ಟಿನ ಮೇಲೆ ತೆಳ್ಳಗೆ ಒಂದೆಳೆ ವಿಭೂತಿ. ಗಿಡ್ಡ ಸ್ಟೂಲಿನ ಮೇಲೆ ಕೂತು, ನನ್ನ ಕಾಲನ್ನು ಮುಟ್ಟುವ ಮೊದಲೇ ಕಚಗುಳಿ ಆಗುತ್ತದೆಯೇ ಎಂದು ಕೇಳಿದಳು. ಜೀವಮಾನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಆಗುತ್ತದೆ, ಬಹಳ ಆಗುತ್ತದೆ, ದೂರ ಕೂಡು ಎಂದೆ. ಅವಳು ನಕ್ಕು ಇಡೀ ಅಂಗೈಯನ್ನು ಪಾದಕ್ಕೆ ಒತ್ತಿ ಗಟ್ಟಿಯಾಗಿ ಹಿಡಿದಳು. ಆಶ್ಚರ್ಯ, ನಗು ಬರಲಿಲ್ಲ.

“ಹಗುರ ಮುಟ್ಟಿದರ ಕಚಗುಳಿ ಆಕ್ಕತ್ರಿ ಅಕ್ಕಾರ,” ಎಂದಳು. “ಗಟ್ಟಿ ಹಿಡಿದರ ಕಾಲು ನಂಬತೈತಿ.”

ಬ್ಲೇಡು ಹೊರಗೆ ಬರಲೇ ಇಲ್ಲ. ಬೆಚ್ಚನೆಯ ನೀರು, ಒಂದು ಒರಟು ಕಲ್ಲು, ಗಿರ್ರೆಂದು ತಿರುಗುವ ಒಂದು ಸಣ್ಣ ಯಂತ್ರ, ಕೊನೆಗೆ ಮುಲಾಮು. ಆ ಯಂತ್ರ ಹತ್ತಿರ ಬಂದಾಗ ಮಾತ್ರ ಒಂದು ಸಲ ಕಿಸಕ್ಕೆಂದೆ. ಮನೆಗೆ ಬಂದಾಗ ನನ್ನ ಹಿಮ್ಮಡಿಯನ್ನು ಅವ್ವ ತಾನೇ ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡಿ ಪಾಸು ಮಾಡಿದಳು.

ಮರುವಾರ ಅವ್ವನನ್ನು ಮೆಟ್ಟಿಲು ಹತ್ತಿಸಿದೆ. ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ಯಾರಾದರೂ ಚಿಕ್ಕವರು ಕಾಲು ಮುಟ್ಟಿದರೆ ಅವ್ವ ಸುಮ್ಮನಿರುವಂತಿಲ್ಲ. ಬಾಯಿಂದ ಆಶೀರ್ವಾದ ಬಂದೇ ಬರಬೇಕು. ಹುಡುಗಿ ಎಡಗಾಲು ಹಿಡಿದು ನೀರಿಗೆ ಇಳಿಸಿದಳು, ಅವ್ವ ತಲೆ ಮುಟ್ಟಿ “ಸುಖವಾಗಿರು” ಎಂದಳು. ಹುಡುಗಿ ಕಾಲು ಹೊರಗೆ ತೆಗೆದು ಒರೆಸಿದಳು, ಸುಖವಾಗಿರು. ಕಲ್ಲು ಹಿಡಿದಳು, ಸುಖವಾಗಿರು. ಹೆಬ್ಬೆರಳಿನ ಉಗುರು ಕತ್ತರಿಸಲು ಹೋದಳು, ನೂರು ವರ್ಷ ಬಾಳು. ಹುಡುಗಿಗೆ ಕೆಲಸ ಮಾಡುವುದೋ ತಲೆ ಬಗ್ಗಿಸುವುದೋ ತಿಳಿಯಲಿಲ್ಲ. ಒಂದು ಬೆರಳಿಗೆ ಒಂದರಂತೆ ಗಂಡ, ಮಕ್ಕಳು, ಮನೆ, ಆಯುಷ್ಯ ಎಲ್ಲ ದಯಪಾಲಿಸಿ ಅವ್ವ ಕಿರುಬೆರಳಿಗೆ ಬರುವ ಹೊತ್ತಿಗೆ ಕೊಡಲು ಏನೂ ಉಳಿಯದೆ ಮತ್ತೆ ಮೊದಲಿನಿಂದ ಶುರುಮಾಡಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಗುತ್ತಿದ್ದೆ.

ಎಡಗಾಲು ಮುಗಿಯಿತು. ನಿಜಕ್ಕೂ ಅಂದವಾಗಿ ಮುಗಿಯಿತು. ಗೆರೆಗಳೆಲ್ಲ ಹೋಗಿ ಹಿಮ್ಮಡಿ ಮದುವಣಗಿತ್ತಿಯ ಹಿಮ್ಮಡಿಯಾಗಿತ್ತು. ಬಲಗಾಲನ್ನು ನೀರಿಗಿಟ್ಟು, ಆ ಸೀಳು ಮೆತ್ತಗಾಗಲಿ ಎಂದು ಹುಡುಗಿ ಕಾದು ಕೂತಳು. ಕಾಯುವ ಹೊತ್ತಿನಲ್ಲಿ ಅವ್ವ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ನಮ್ಮ ಕಡೆ ಇಬ್ಬರು ಹೆಂಗಸರು ಐದು ನಿಮಿಷ ಕೂತರೆ ಊರು, ಮನೆ, ಬೀಗರು ಹೊರಗೆ ಬರದೇ ಇರುವುದಿಲ್ಲ. ಯಾವೂರು ತಂಗಿ ಎಂದು ಅವ್ವ ಕೇಳಿದಳು. ಹುಡುಗಿ ಗರಗದ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದಳು. ಅದು ಅವ್ವನ ತವರೂರು. ಅವ್ವನ ಮುಖ ಅರಳಿತು. ಯಾರ ಮನಿಯಾಕಿ ಎಂದು ಕೇಳಿದಳು.

“ಮಠದ ಮನಿರಿ. ಅಯ್ಯನವರ ಮೊಮ್ಮಗಳ ನಾ.”

ಅವ್ವನ ಮುಖದಲ್ಲಿ ಅರಳಿದ್ದು ಹಾಗೆಯೇ ನಿಂತುಹೋಯಿತು. ನನಗೂ ಅರ್ಥವಾಯಿತು. ಅಯ್ಯನವರೆಂದರೆ ಅವ್ವನ ತವರಿನ ಗುರುಗಳು, ಜಂಗಮರು. ಈಗಲೂ ಶ್ರಾವಣ ಸೋಮವಾರ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾರೆ. ಮಣೆಯ ಮೇಲೆ ಕೂರಿಸಿ ಅವ್ವ ಅವರ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮಾಡುತ್ತಾಳೆ, ಆ ನೀರನ್ನೇ ತೀರ್ಥವೆಂದು ಕಣ್ಣಿಗೊತ್ತಿ ತೆಗೆದುಕೊಳ್ಳುತ್ತಾಳೆ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ. ಈಗ ಆ ಮನೆಯ ಕೂಸು ಕೆಳಗೆ ಕೂತು ಅವ್ವನ ಕಾಲು ತೊಳೆಯುತ್ತಿದೆ. ಅಷ್ಟೇ ಅಲ್ಲ, ಅವ್ವ ಅದಕ್ಕೆ ಬುಟ್ಟಿಗಟ್ಟಲೆ ಆಶೀರ್ವಾದ ಬೇರೆ ಮಾಡಿದ್ದಾಳೆ.

ಬಲಗಾಲು ಟಬ್ಬಿನಿಂದ ಹಾರಿತು. ನೀರು ಹುಡುಗಿಯ ಮುಖಕ್ಕೆ, ನನ್ನ ಸೀರೆಗೆ, ಗೋಡೆಯ ಕ್ಯಾಲೆಂಡರಿಗೆ ಬಿತ್ತು. ಅವ್ವ ಕುರ್ಚಿಯಿಂದ ಇಳಿದು ಹುಡುಗಿಯ ಪಾದ ಹಿಡಿಯಲು ಬಗ್ಗಿದಳು. ಅಷ್ಟು ಹೊತ್ತು “ತಂಗಿ, ನೀ” ಎಂದವಳ ಬಾಯಲ್ಲಿ ಈಗ “ತಪ್ಪಾತ್ರಿ, ನೀವು ಕ್ಷಮಾ ಮಾಡ್ರಿ” ಎಂದು ಬರುತ್ತಿತ್ತು. ಅಜ್ಜಿ ಬೀಳುತ್ತಾರೆಂದು ಹಿಡಿಯಲು ಹುಡುಗಿಯೂ ಬಗ್ಗಿದಳು. ಇಬ್ಬರ ಹಣೆಗಳು ಠಣ್ಣೆಂದು ಕೂಡಿದವು. ಅವ್ವ ಪಾದ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟರೆ ಹುಡುಗಿ ಎರಡು ಹೆಜ್ಜೆ ಹಿಂದೆ. ಒದ್ದೆ ನೆಲದ ಮೇಲೆ ಸ್ಟೂಲಿನ ಸುತ್ತ ಇಬ್ಬರೂ ಒಂದು ಸುತ್ತು ಹಾಕಿದರು. ನನಗೆ ಉಸಿರು ಸಿಗದಷ್ಟು ನಗು. ಅವ್ವ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಆಮೇಲೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೇಬಿಟ್ಟಳು.

ಹೀಗೆ ಒಂದು ಕಾಲು ಮುಗಿದು ಒಂದು ಕಾಲು ಉಳಿಯಿತು. ಅದೂ ಯಾವುದು ಉಳಿಯಬಾರದಿತ್ತೋ ಅದೇ. ಎಡಗಾಲು ಎಲ್ಲಿಗೆ ಬೇಕಾದರೂ ಹೊರಡಲು ತಯಾರಿತ್ತು, ಬಲಗಾಲು ಹೊಸ್ತಿಲು ದಾಟಲೂ ಒಲ್ಲೆನ್ನುತ್ತಿತ್ತು. ನಾನು ಬೇಡಿದೆ, ಬೈದೆ, ಹೆದರಿಸಿದೆ. ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆಂದೆ. ನನ್ನ ಹಿಮ್ಮಡಿಯಿಂದ ರಕ್ತ ಬಂದದ್ದು ಅವಳಿಗೆ ಮರೆತಿರಲಿಲ್ಲ, ಬೇರೆ ಕಡೆ ಬೇಡ. ಅಲ್ಲಿಗೇ ಹೋಗೋಣವೆಂದರೆ, ಗುರುವಿನ ಮನೆಯ ಕೂಸಿನ ಕೈಯಲ್ಲಿ ಕಾಲು ತೊಳೆಸಿಕೊಂಡು ಯಾವ ನರಕಕ್ಕೆ ಹೋಗಲಿ ಎಂದು ಕೇಳಿದಳು.

ಹುಡುಗಿ ಒಳ್ಳೆಯವಳು. ಎರಡು ದಿನ ಬಿಟ್ಟು ಫೋನು ಮಾಡಿದಳು. ಆ ಸೀಳನ್ನು ಹಾಗೇ ಬಿಡಬೇಡಿ, ಸದ್ಯಕ್ಕೆ ಇದನ್ನಾದರೂ ಬೆಳಿಗ್ಗೆ ಸಂಜೆ ಹಚ್ಚಿ ಎಂದು ಒಂದು ಟ್ಯೂಬು ಮುಲಾಮು ಕೊಟ್ಟು ಕಳಿಸಿದಳು. ವಾರವಾದರೂ ಸೀಳು ಇದ್ದಂತೆಯೇ ಇತ್ತು. ಟ್ಯೂಬು ಎಲ್ಲಿ ಎಂದು ಹುಡುಕಿದರೆ ಅದು ಗೋಡೆಯೊಳಗಿನ ದೇವರ ಮಾಡದಲ್ಲಿತ್ತು. ನೆಟ್ಟಗೆ ನಿಲ್ಲಿಸಿ, ಮೂರು ಬೆರಳು ವಿಭೂತಿ ಎಳೆದು, ಮೇಲೊಂದು ದಾಸವಾಳ ಇಟ್ಟಿದ್ದಳು. ಅಯ್ಯನವರ ಮನೆಯಿಂದ ಬಂದದ್ದು ಪ್ರಸಾದ, ಪ್ರಸಾದವನ್ನು ಕಾಲಿಗೆ ಹಚ್ಚುತ್ತಾರೇನು ಎಂದು ನನ್ನನ್ನೇ ಕೇಳಿದಳು. ನಾನು ನಗುತ್ತ ಕೂತೆ, ಆದರೆ ಒಳಗೆ ಅಳು ಬಂದಿತ್ತು. ಆ ಸೀಳಿನ ಅಂಚು ಕೆಂಪಾಗತೊಡಗಿತ್ತು.

ಅಷ್ಟರಲ್ಲಿ ಶ್ರಾವಣ ಬಂತು. ಮೊದಲ ಸೋಮವಾರ ಅಯ್ಯನವರು ಬರುತ್ತೇನೆಂದು ಹೇಳಿಕಳಿಸಿದರು. ನನಗೆ ಹೊಸ ಚಿಂತೆ ಹತ್ತಿತು. ಮೊಮ್ಮಗಳು ಊರವರ ಕಾಲು ಹಿಡಿಯುವ ಕೆಲಸ ಮಾಡುತ್ತಾಳೆಂದು ಆ ಎಂಬತ್ತರ ಮುದುಕರಿಗೆ ಗೊತ್ತಿದೆಯೋ ಇಲ್ಲವೋ. ಗೊತ್ತಿಲ್ಲದಿದ್ದರೆ ಅವ್ವನ ಒಂದು ಮಾತಿಗೆ ಆ ಹುಡುಗಿಯ ಕೋಣೆಗೆ ಬೀಗ ಬೀಳಬಹುದು. ಬಾಯಿ ಬಿಡಬೇಡ ಎಂದು ಅವ್ವನಿಂದ ಭಾಷೆ ತೆಗೆದುಕೊಂಡೆ. ಲಿಂಗ ಮುಟ್ಟಿ ಭಾಷೆ ಕೊಟ್ಟಳು.

ಅಯ್ಯನವರು ಬಂದರು. ಒಣಗಿದ ಮೈ, ಬಿಳಿ ಗಡ್ಡ, ಕೈಯಲ್ಲಿ ಬೆತ್ತ, ಬಾಯಲ್ಲಿ ಸದಾ ಏನಾದರೊಂದು ಚೇಷ್ಟೆ. ಮಣೆ ಹಾಕಿ, ತಟ್ಟೆಯಲ್ಲಿ ಅವರ ಪಾದ ಇಡಿಸಿ, ಅವ್ವ ಬಲಗಾಲು ನೆಲಕ್ಕೆ ಊರದಂತೆ ಒಂದು ಮಗ್ಗುಲಾಗಿ ಕೂತಳು. ತಂಬಿಗೆ ನೀರು ಹೊಯ್ದಳು. ಎರಡನೆಯ ಸಲವೂ ಹೊಯ್ದಳು. ಮೂರನೆಯ ಸಲಕ್ಕೆ ತಂಬಿಗೆ ಕೆಳಗಿಟ್ಟು, ಭಾಷೆಯನ್ನು ಗಾಳಿಗೆ ತೂರಿ, ಎಲ್ಲವನ್ನೂ ಒದರಿಬಿಟ್ಟಳು. ಟಬ್ಬು, ಕಲ್ಲು, ಕಿರುಬೆರಳು, ಮಾಡಿದ ಆಶೀರ್ವಾದಗಳು, ಒಂದನ್ನೂ ಬಿಡಲಿಲ್ಲ. ಪ್ರಾಯಶ್ಚಿತ್ತ ಹೇಳಿ ಎಂದು ಅತ್ತಳು. ನಾನು ಬಾಗಿಲಲ್ಲಿ ನಿಂತು, ಆ ಹುಡುಗಿಗೆ ಹೇಗೆ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ.

ಅಯ್ಯನವರು ಬೈಯಲಿಲ್ಲ. ತಟ್ಟೆಯಿಂದ ತಮ್ಮ ಬಲಗಾಲು ಎತ್ತಿ, ಎರಡೂ ಕೈಯಿಂದ ಹಿಡಿದು, ಅಂಗಾಲನ್ನು ಅವ್ವನ ಕಡೆ ತಿರುಗಿಸಿದರು. ನೋಡು ಎಂದರು. ಅವ್ವ ನೋಡಿದಳು, ನಾನೂ ಬಗ್ಗಿ ನೋಡಿದೆ. ಜೀವಮಾನವಿಡೀ ಹಳ್ಳಿ ಹಳ್ಳಿ ತಿರುಗಿದ ಆ ಕಾಲಿನ ಹಿಮ್ಮಡಿ ನುಣ್ಣಗಿತ್ತು, ಒಂದು ಗೆರೆಯೂ ಇರಲಿಲ್ಲ. ಅಂಚಿನಲ್ಲಿ ಒಂದು ಹಳೆಯ ಗಾಯದ ಬಿಳಿ ಗುರುತು ಮಾತ್ರ ಇತ್ತು.

“ಮೂರು ವರ್ಷದ ಹಿಂದ ಇಲ್ಲಿ ಬೆರಳು ತೂರುವಂಥಾ ಸೀಳು ಇತ್ತು ತಂಗಿ,” ಎಂದರು. “ಅದರ ಮ್ಯಾಲೇ ನೀರು ಹಾಕಿದಿ, ತೀರ್ಥ ಅಂತ ತೊಗೊಂಡಿ. ನೀ ಅಷ್ಟ ಅಲ್ಲ, ಊರೆಲ್ಲಾ ತೊಗೊಂಡ್ತು. ನೋಯ್ತೈತೇನು ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಕೂಸು ಕೇಳಿತು. ಕೇಳಿದ ಮ್ಯಾಲ ಈ ವಿದ್ಯಾ ಕಲಿಯಾಕ ಹೋತು.”

ಅವರು ಅದನ್ನು ದೂರುವಂತೆ ಹೇಳಲಿಲ್ಲ, ಏನೋ ತಮಾಷೆ ನೆನಪಾದಂತೆ ಹೇಳಿದರು. ಆದರೂ ನನಗೆ ಮುಖ ಎತ್ತಲಾಗಲಿಲ್ಲ. ಬಾಗಿಲಲ್ಲಿ ನಿಂತು ಎಷ್ಟೋ ಶ್ರಾವಣ ಆ ಪಾದಗಳನ್ನು ನೋಡಿದವಳು ನಾನು. ಪಾದದ ಮೇಲಿನ ಪತ್ರೆ ಕಂಡಿತ್ತು, ಕೆಳಗಿನ ಸೀಳು ಕಂಡಿರಲಿಲ್ಲ. ಪಾರ್ಲರಿನ ಹುಡುಗಿ ನನ್ನ ಹಿಮ್ಮಡಿಯನ್ನು ಕರೆದು ತೋರಿಸಿದ್ದಕ್ಕೆ ಸಿಟ್ಟಾದವಳು, ನೋಡದೇ ಇದ್ದದ್ದಕ್ಕೆ ಯಾರ ಮೇಲೆ ಸಿಟ್ಟಾಗಲಿ.

ಅವ್ವ ಆ ಬಿಳಿ ಗುರುತಿನ ಮೇಲೆ ಕೈಯಿಟ್ಟಳು. ಪ್ರಾಯಶ್ಚಿತ್ತವೇನೆಂದು ಮತ್ತೆ ಕೇಳಿದಾಗ ಅಯ್ಯನವರು ಉಳಿದ ಕಾಲನ್ನು ಮುಗಿಸಿಕೊಂಡು ಬರುವುದೇ ಪ್ರಾಯಶ್ಚಿತ್ತ ಎಂದರು. ಆಮೇಲೆ ಹೋಳಿಗೆ ಎಲ್ಲಿ ಎಂದು ನನ್ನನ್ನು ಕೇಳಿದರು. ನಾಲ್ಕು ತಿಂದರು.

ಮರುದಿನವೇ ಆಟೋದಲ್ಲಿ ಹೋದೆವು. ಗುರುವಿನ ಅಪ್ಪಣೆ, ಹಾಗಾಗಿ ಆಟೋ ಸೊಕ್ಕು ಅನ್ನಿಸಲಿಲ್ಲ. ಹೊರಡುವ ಮೊದಲು ಅವ್ವ ದೇವರ ಮಾಡದಿಂದ ಏನನ್ನೋ ತೆಗೆದು ಸೆರಗಿನ ಗಂಟಿಗೆ ಹಾಕಿಕೊಂಡದ್ದನ್ನು ಕಂಡೆ. ಹುಡುಗಿ ನಮ್ಮನ್ನು ನೋಡಿ ಮೊದಲು ಎರಡು ಹೆಜ್ಜೆ ಹಿಂದೆ ಸರಿದಳು. ಅವ್ವ ಗಂಭೀರವಾಗಿ ಕುರ್ಚಿಯ ಮೇಲೆ ಕೂತು ಬಲಗಾಲು ಚಾಚಿದಳು. ಈ ಸಲ ಆಶೀರ್ವಾದ ಮಾಡುವಂತಿಲ್ಲ ಎಂದು ತಾನೇ ನಿರ್ಧಾರ ಮಾಡಿಕೊಂಡಿದ್ದಳು. ಹುಡುಗಿ ಕಾಲು ಮುಟ್ಟಿದಾಗಲೆಲ್ಲ “ಸು” ಎಂದು ಶುರುವಾಗಿ, ಬಾಯಿ ಮುಚ್ಚಿ, ಗಂಟಲಲ್ಲಿ ನುಂಗಿಕೊಳ್ಳುವಳು. ಕೆನ್ನೆ ಉಬ್ಬುತ್ತಿತ್ತು. ನಾನು ಮತ್ತೆ ಗೋಡೆಯ ಕಡೆ ತಿರುಗಿದೆ.

ಹುಡುಗಿ ಬಹಳ ಹೊತ್ತು ತೆಗೆದುಕೊಂಡಳು. ಸೀಳಿನ ಅಂಚಿನ ಗಟ್ಟಿ ಚರ್ಮವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿ, ತೊಳೆದು, ಔಷಧ ತುಂಬಿ, ಮೆತ್ತನೆಯ ಪಟ್ಟಿ ಕಟ್ಟಿದಳು. ಕೀವು ಇನ್ನೂ ಆಗಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಎಂದಳು. ಪ್ರತಿ ವಾರ ಬಂದು ಪಟ್ಟಿ ಬದಲಿಸಿಕೊಂಡು ಹೋಗಬೇಕೆಂದಳು. ಹಾಗೆಯೇ ಹೋದೆವು. ಶ್ರಾವಣ ಮುಗಿಯುವ ಹೊತ್ತಿಗೆ ಸೀಳು ಕೂಡಿತು. ಕೊನೆಯ ಸಲ ಹುಡುಗಿ ಪಟ್ಟಿ ಬಿಚ್ಚಿ, ಬೆರಳಿನಿಂದ ಒತ್ತಿ ನೋಡಿ, ಇನ್ನು ಬರುವುದು ಬೇಡ ಎಂದು ಕೈ ತೊಳೆಯಲು ಎದ್ದಳು.

ಅವ್ವ ಮಾತ್ರ ಏಳಲಿಲ್ಲ. ಕುರ್ಚಿಯಿಂದ ಕೆಳಗಿಳಿದು ಗಿಡ್ಡ ಸ್ಟೂಲಿನ ಮೇಲೆ ಕೂತಳು. ಹುಡುಗಿಗೆ ಕುರ್ಚಿ ತೋರಿಸಿದಳು. ಹುಡುಗಿ ಒಲ್ಲೆನೆಂದಳು, ನನ್ನ ಕಡೆ ನೋಡಿದಳು, ನಾನು ಅವ್ವನ ಹಟದ ಮುಂದೆ ನನ್ನದೇನೂ ನಡೆಯುವುದಿಲ್ಲವೆಂದು ಕೈ ಚೆಲ್ಲಿದೆ. ಕೊನೆಗೆ ಅವಳು ಕೂತಳು. ಅವ್ವ ಅವಳ ಪ್ಲಾಸ್ಟಿಕ್ ಚಪ್ಪಲಿ ಕಳಚಿ, ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಅಯ್ಯನವರು ತೋರಿಸಿದಂತೆ ಅಂಗಾಲನ್ನು ತಿರುಗಿಸಿದಳು. ದಿನವಿಡೀ ಒದ್ದೆ ನೆಲದಲ್ಲಿ ನಿಂತು ಕೂತು ದುಡಿದ ಕಾಲು. ಹಿಮ್ಮಡಿಯ ಸುತ್ತ ಬಿರುಕುಗಳಿದ್ದವು.

“ನೋಯ್ತಾವೇನ್ರಿ?” ಎಂದು ಅವ್ವ ಕೇಳಿದಳು.

ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆಮೇಲೆ ಹೌದೆಂದು ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ಬಂತು. ಎಷ್ಟೋ ಜನರ ಕಾಲು ನೋಡಿದವಳನ್ನು ಯಾರೂ ಕೇಳಿರಲಿಕ್ಕಿಲ್ಲ.

ಅವ್ವ ಸೆರಗಿನ ಗಂಟು ಬಿಚ್ಚಿದಳು. ವಾರ ವಾರ ತಂದು, ಧೈರ್ಯ ಸಾಲದೆ ಹಾಗೆಯೇ ವಾಪಸು ಒಯ್ಯುತ್ತಿದ್ದ ಆ ಟ್ಯೂಬು ಹೊರಗೆ ಬಂತು. ಮೇಲಿನ ವಿಭೂತಿ ಇನ್ನೂ ಹೋಗಿರಲಿಲ್ಲ. ಪ್ರಸಾದವನ್ನು ತನ್ನ ಕಾಲಿಗೆ ಹಚ್ಚಿಕೊಳ್ಳಲಾರದವಳಿಗೆ ಈ ಕಾಲಿಗೆ ಹಚ್ಚಲು ಯಾವ ಅಡ್ಡಿಯೂ ಇರಲಿಲ್ಲ. ಮುಚ್ಚಳ ತೆಗೆದು, ಬೆರಳ ತುದಿಗೆ ಮುಲಾಮು ತೆಗೆದುಕೊಂಡು, ಭಕ್ತಿಯಿಂದ, ಹೂವು ಮುಟ್ಟಿದ ಹಾಗೆ ಹಗುರವಾಗಿ ಹಿಮ್ಮಡಿಗೆ ಸವರಿದಳು.

ಹುಡುಗಿ ಚೀರಿದಳು. ಚೀರಿ ನಕ್ಕಳು. ಕಾಲು ಎಳೆದುಕೊಳ್ಳಲು ಹೋಗಿ ಕುರ್ಚಿಯ ಸಮೇತ ಹಿಂದಕ್ಕೆ ವಾಲಿದಳು. ಕಣ್ಣೀರು ಕೆನ್ನೆಯ ಮೇಲಿದ್ದಂತೆಯೇ ಅವಳಿಗೆ ನಗು ತಡೆಯಲಾಗಲಿಲ್ಲ. ಊರ ಮಂದಿಯ ಕಚಗುಳಿ ನಿಲ್ಲಿಸುವವಳಿಗೆ ನನಗಿಂತ ಹೆಚ್ಚು ಕಚಗುಳಿ.

“ಅವ್ವಾ, ಹಂಗಲ್ಲ,” ಎಂದೆ ನಾನು. “ಗಟ್ಟಿ ಹಿಡಿ. ಗಟ್ಟಿ ಹಿಡಿದರ ಕಾಲು ನಂಬತೈತಿ.”

ಅವ್ವ ಇಡೀ ಅಂಗೈ ಒತ್ತಿ ಹಿಡಿದಳು. ನಗು ನಿಂತಿತು, ಆಮೇಲೆ ಮತ್ತೆ ಶುರುವಾಯಿತು, ಈ ಸಲ ಮೂವರಿಗೂ. ಅವ್ವ ಎರಡೂ ಹಿಮ್ಮಡಿಗೆ ಹಚ್ಚಿ ಮುಗಿಸಿದಳು. ಮುಗಿದರೂ ತಲೆ ಎತ್ತಲಿಲ್ಲ, ಆ ಪಾದಗಳ ಮುಂದೆ ಬಾಗಿಯೇ ಕೂತಳು. ಏನೋ ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು, ಹುಡುಗಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ನಾಚಿಕೊಂಡು, ಅಜ್ಜ ಇಡುವ ಹಾಗೆ ತನ್ನ ಕೈಯನ್ನು ಅವ್ವನ ನೆತ್ತಿಯ ಮೇಲೆ ಇಟ್ಟಳು.

“ದುರ್ಗದಬೈಲ ತನಕ ನಡಕೊಂತ ಹೋಗಿ ಬರ್ರಿ,” ಎಂದಳು.

ಅವ್ವ ಎದ್ದಳು. ಮೆಟ್ಟಿಲಿಳಿದಳು. ಕೆಳಗೆ ನಮಗಾಗಿ ನಿಂತಿದ್ದ ಆಟೋವನ್ನು ದಾಟಿ, ಮನೆಯ ಕಡೆಗಲ್ಲ, ಪೇಟೆಯ ಕಡೆಗೆ ತಿರುಗಿದಳು. ನಾನು ಆಟೋದವನಿಗೆ ಹೋಗಿ ಬಾ ಎಂದು ಹೇಳಿ ಅವಳ ಹಿಂದೆ ಓಡಿದೆ. ದುರ್ಗದಬೈಲು ಮುಟ್ಟುವತನಕ ಅವಳು ನನಗೆ ಸಿಗಲಿಲ್ಲ.